ಸಂಬಳವೆಂಬ ಗುಟ್ಟು

ಹೆಂಗಸರ ವಯಸ್ಸನ್ನೂ ಗಂಡಸರ ಸಂಬಳವನ್ನೂ ಕೇಳಬಾರದೆಂದು ನಮ್ಮಲ್ಲಿ ಒಂದು ಮಾತು ಬಳಕೆಯಲ್ಲಿದೆ. ಗಾದೆಯ ವೇಷ ತೊಟ್ಟಿದ್ದರೂ ಇದು ಹಳೆಯ ಗಾದೆಯೆಂದು ನನಗೆ ತೋರುವುದಿಲ್ಲ. ತಿಂಗಳ ಕೊನೆಗೆ ಎಣಿಸಿಕೊಡುವ ಸಂಬಳವು ಬಹುಮಂದಿಯ ಜೀವನಾಧಾರವಾದುದು ಈಚಿನ ಕಾಲದಲ್ಲಿ. ಅದಕ್ಕೂ ಮೊದಲು ಗದ್ದೆಯಲ್ಲಿ ದುಡಿದವನಿಗೆ ಎಷ್ಟು ಕೊಳಗ ಭತ್ತ ಸಿಕ್ಕಿತೆಂಬುದು ಕಣದಲ್ಲಿ ನಿಂತ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅದನ್ನು ಬಚ್ಚಿಡುವುದಕ್ಕೆ ಗೋಡೆಯೇ ಇರಲಿಲ್ಲ. ಇನ್ನೂ ಒಂದು ಸೋಜಿಗವೆಂದರೆ, ಕೇಳಬಾರದೆಂಬ ಈ ಪ್ರಶ್ನೆಯನ್ನು ಹೆಣ್ಣು ಕೊಡುವವರು ಮೊದಲ ಭೇಟಿಯಲ್ಲೇ ಕೇಳುತ್ತಾರೆ. ಸಾಲ ಕೊಡುವ ಬ್ಯಾಂಕು ಕಾಗದದ ಸಮೇತ ಕೇಳುತ್ತದೆ. ಸಾಲ ಬೇಡಲು ಬರುವ ನೆಂಟನು ಕೇಳದೆಯೇ ತಿಳಿದುಕೊಂಡು ಬಂದಿರುತ್ತಾನೆ. ಹಾಗಾದರೆ ನಿಜವಾಗಿ ಕೇಳಬಾರದವನು ಯಾರು? ಪಕ್ಕದ ಮೇಜಿನಲ್ಲಿ ಕುಳಿತು ಅದೇ ಕೆಲಸವನ್ನು ಮಾಡುತ್ತಿರುವ ಜೊತೆಗಾರ ಒಬ್ಬನೇ! ಅವನಿಗೆ ಮಾತ್ರ ಈ ಸಂಗತಿ ಯಾಕೆ ಗುಟ್ಟಾಗಿರಬೇಕು ಎಂಬುದೇ ಈ ಲೇಖನದ ವಿಷಯ.

ನಮ್ಮ ಮುಂಡಗೋಡದ ಕಡೆ ಸಂಬಳವೆಂಬುದು ಪುಸ್ತಕದ ಮಾತು. ಬಾಯಲ್ಲಿ ಬರುವುದು ಪಗಾರ. ಹಣ ಸಲ್ಲಿಸು ಎಂಬ ಅರ್ಥದ ಪೋರ್ತುಗೀಜರ ‘ಪಗಾರ್’ ಎಂಬ ಶಬ್ದ ಕೊಂಕಣಿ ಮರಾಠಿಗಳ ದಾರಿಯಿಂದ ಘಟ್ಟ ಹತ್ತಿ ನಮ್ಮ ಸಂತೆಪೇಟೆಗೆ ಬಂದಿದೆ. ಸಂಬಳವಾದರೋ ಇನ್ನೂ ಹಿಂದಿನದು. ಸಂಸ್ಕೃತದಲ್ಲಿ ಶಂಬಲವೆಂದರೆ ದಾರಿಬುತ್ತಿ. ನಾಳೆಯವರೆಗೆ ನಡೆಯಲು ಬೇಕಾದ ಅನ್ನ ಎಂಬ ಈ ಮೂಲಾರ್ಥವು ಎಷ್ಟು ಸತ್ಯವೆಂಬುದನ್ನು ತಿಂಗಳ ಇಪ್ಪತ್ತೈದನೆಯ ತಾರೀಖಿನಂದು ಯಾವ ನೌಕರನೂ ಬಲ್ಲ. ಮೂರನೆಯ ಶಬ್ದ ಜೀತ. ಇದು ಜೀವಿತದ ತದ್ಭವ. ಒಡೆಯನು ತನ್ನ ಸೇವಕನ ಬಾಳುವೆಗೆಂದು ಬಿಟ್ಟುಕೊಟ್ಟುದಕ್ಕೆ ಹಿಂದೆ ಜೀವಿತವೆಂಬ ಗೌರವದ ಹೆಸರಿತ್ತು. ಅಕ್ಷರ ಸವೆದು ಜೀತವಾಯಿತು. ಜೊತೆಗೆ ಅರ್ಥವೂ ಸವೆದು, ಸಾಲಕ್ಕೆ ತನ್ನನ್ನೇ ಒತ್ತೆಯಿಟ್ಟವನ ದಾಸ್ಯಕ್ಕೆ ಅದೇ ಹೆಸರು ನಿಂತಿತು. ಬದುಕು ಎಂಬ ಶಬ್ದವು ಸೆರೆ ಎಂಬ ಅರ್ಥಕ್ಕೆ ಇಳಿದುದು ಹೇಗೆ? ಅದಕ್ಕೆ ಹಲವು ಕಾರಣಗಳಿರಬಹುದು. ಅವುಗಳಲ್ಲಿ ಒಂದು, ಲೆಕ್ಕವು ಊರೆಲ್ಲ ಓದುವ ಜಾಗವನ್ನು ಬಿಟ್ಟು ಒಬ್ಬನ ಪೆಟ್ಟಿಗೆಯೊಳಗೆ ಸೇರಿಕೊಂಡದ್ದು ಎಂದು ನನ್ನ ಅಭಿಪ್ರಾಯ.

ಊರೆಲ್ಲ ಓದುವ ಜಾಗವೆಂದು ನಾನು ಹೇಳಿದ್ದು ಕಲ್ಲಿನ ಶಾಸನಗಳನ್ನು. ಬನವಾಸಿಯ ಮಧುಕೇಶ್ವರನ ಗುಡಿ, ಹಾನಗಲ್ಲಿನ ತಾರಕೇಶ್ವರನ ಗುಡಿ ನಮಗೆ ದೂರವಲ್ಲ. ಅಲ್ಲಿಗೆ ಹೋದವರು ಶಿಲ್ಪವನ್ನು ನೋಡಿ ಬರುತ್ತಾರೆ. ಅಂಗಳದ ಬರಹದ ಕಲ್ಲನ್ನು ನೋಡುವವರು ಕಡಿಮೆ. ರಾಜರ ಬಿರುದಾವಳಿಯನ್ನು ದಾಟಿ ಕೆಳಗಿನ ಸಾಲುಗಳಿಗೆ ಬಂದರೆ, ಇಂಥ ಶಾಸನಗಳಲ್ಲಿ ಸಿಗುವುದು ಬಹುಮಟ್ಟಿಗೆ ಲೆಕ್ಕ: ಇಂಥವರಿಗೆ ಇಷ್ಟು ಮತ್ತರು, ಇಂಥ ಕೆಲಸಕ್ಕೆ ಇಷ್ಟು ಗದ್ಯಾಣ, ದೀಪಕ್ಕೆ ಇಷ್ಟು ಎಣ್ಣೆ.

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯ ಶಾಸನವನ್ನೇ ತೆಗೆದುಕೊಳ್ಳಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು, ಕ್ರಿ. ಶ. ೯೪೫ರದು. ಅಲ್ಲಿಯ ವಿದ್ಯಾಶಾಲೆಗೆ ೫೦೦ ನಿವರ್ತನ ಭೂಮಿಯೂ, ದೂರದಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ೨೭ ಮನೆಗಳೂ ದತ್ತಿಯಾದುವು. ದೀಪದೆಣ್ಣೆಗೆ ೧೨ ನಿವರ್ತನ. ಪಾಠ ಹೇಳುವ ಆಚಾರ್ಯನಿಗೆ ೫೦ ನಿವರ್ತನ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನ ನಾಗಾವಿಯದು ಇದಕ್ಕಿಂತ ದೊಡ್ಡ ಸಂಸ್ಥೆ. ೧೦೫೮ರ ಶಾಸನದ ಪ್ರಕಾರ ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದ ಓದುವವರು ೨೦೦ ಮಂದಿ, ಶಾಸ್ತ್ರ ಓದುವವರು ೫೦ ಮಂದಿ. ಅವರಿಗೆ ವೇದದ ಉಪಾಧ್ಯಾಯರು ಮೂವರು, ಶಾಸ್ತ್ರದವರು ಮೂವರು. ಓಲೆಗರಿಯ ಗ್ರಂಥಗಳನ್ನು ನೋಡಿಕೊಳ್ಳುವ ಸರಸ್ವತೀ ಭಂಡಾರಿಗರು ಆರು ಮಂದಿ. ಕೆಲಸಗಾರರ ಸಂಖ್ಯೆ, ಅವರ ವೃತ್ತಿ, ಎಲ್ಲವೂ ಕಲ್ಲಿನ ಮೇಲಿದೆ. ಇಂದಿನ ಎಷ್ಟು ವಿದ್ಯಾಸಂಸ್ಥೆಗಳು ತಮ್ಮ ಗ್ರಂಥಪಾಲಕನಿಗೆ ಏನು ಕೊಡುತ್ತೇವೆಂಬುದನ್ನು ಬಾಗಿಲಿನ ಮೇಲೆ ಕೆತ್ತಿಸುತ್ತಾವು?

ತಂಜಾವೂರಿನ ರಾಜರಾಜ ಚೋಳನು ಇನ್ನೂ ಮುಂದೆ ಹೋಗಿದ್ದಾನೆ. ೧೦೧೪ರ ಹೊತ್ತಿಗೆ ಅವನ ದೊಡ್ಡ ಗುಡಿಯ ಗೋಡೆಯ ಮೇಲೆ ಸುಮಾರು ೪೦೦ ಮಂದಿ ನರ್ತಕಿಯರ ಹೆಸರುಗಳು, ಯಾವ ಊರಿನ ಗುಡಿಯಿಂದ ಬಂದವರು, ಯಾವ ಬೀದಿಯ ಯಾವ ಸಾಲಿನ ಎಷ್ಟನೆಯ ಮನೆ ಎಂಬ ವಿವರಗಳು ಕೆತ್ತಲ್ಪಟ್ಟುವು. ಒಬ್ಬೊಬ್ಬಳಿಗೆ ಒಂದು ಪಾಲು. ಒಂದು ಪಾಲೆಂದರೆ ವರ್ಷಕ್ಕೆ ೧೦೦ ಕಲಂ ಭತ್ತ. ಕುಣಿತ ಕಲಿಸುವ ನಟ್ಟುವನಿಗೆ ಎರಡು ಪಾಲು. ತನಗಿಂತ ಗುರುವಿಗೆ ಇಮ್ಮಡಿ ಎಂಬುದು ಆ ಬೀದಿಯ ಪ್ರತಿಯೊಬ್ಬಳಿಗೂ ಗೊತ್ತಿತ್ತು. ಪಕ್ಕದ ಮನೆಯವಳಿಗೂ ತನಗೂ ಸಮವೆಂಬುದೂ ಗೊತ್ತಿತ್ತು.

ಇದನ್ನೆಲ್ಲ ಕಲ್ಲಿನಲ್ಲಿ ಬರೆಯಿಸಿದ್ದು ಕೊಟ್ಟವನ ಕೀರ್ತಿಗಾಗಿ ಎನ್ನುವುದುಂಟು. ಹೌದು, ಕೀರ್ತಿಯ ಆಸೆ ಇದ್ದೇ ಇತ್ತು. ಆದರೆ ಬರಿಯ ಕೀರ್ತಿಗಾದರೆ ಒಟ್ಟು ಮೊತ್ತ ಸಾಕಾಗಿತ್ತು. ದೀಪದವನಿಗೆ ಎಷ್ಟು, ಪಾಠದವನಿಗೆ ಎಷ್ಟು ಎಂಬ ವಿಂಗಡಣೆ ಬೇಕಿರಲಿಲ್ಲ. ವಿಂಗಡಿಸಿ ಬರೆದ ಉದ್ದೇಶವು ಪಡೆಯುವವನ ರಕ್ಷಣೆ. ಅರಸು ಬದಲಾಗುತ್ತಾನೆ, ಅಧಿಕಾರಿ ಬದಲಾಗುತ್ತಾನೆ. ನಡುವಿನವನು ಹತ್ತು ಮತ್ತರನ್ನು ಎಂಟೆಂದು ಹೇಳಬಹುದು. ಹಾಗೆ ಹೇಳಿದಾಗ ಊರವರೆಲ್ಲ ಕಲ್ಲಿನತ್ತ ಬೆರಳು ತೋರಿಸಬೇಕು. ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲೆಂದು ಶಾಸನದ ಕೊನೆಗೆ ಶಾಪ ಹಾಕಿದ್ದೂ ಅದಕ್ಕೇ. ದೇವರ ಭಯ ಒಂದು ಕಾವಲು. ನೆರೆಯವನ ತಿಳಿವಳಿಕೆ ಇನ್ನೊಂದು ಕಾವಲು. ಎರಡನೆಯದೇ ಹೆಚ್ಚು ಬಿಗಿಯಾದುದೆಂದು ನಾನು ತಿಳಿಯುತ್ತೇನೆ.

ಆ ಕಾಲವೆಲ್ಲ ಚಿನ್ನದ ಕಾಲವೆಂದು ಹೇಳುವ ಹಟ ನನಗಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೇನಾಪತಿ, ಮಂತ್ರಿ, ಪುರೋಹಿತರಿಗೆ ೪೮,೦೦೦ ಪಣಗಳೂ, ಕಟ್ಟಕಡೆಯ ಪರಿಚಾರಕರಿಗೆ ೬೦ ಪಣಗಳೂ ವಿಹಿತವಾಗಿವೆ. ಒಂದಕ್ಕೆ ಎಂಟುನೂರರ ಅಂತರ! ಬಯಲಾಗಿ ಬರೆದ ಮಾತ್ರಕ್ಕೆ ಅನ್ಯಾಯವು ನ್ಯಾಯವಾಗುವುದಿಲ್ಲ. ಅಲ್ಲದೆ ಆಚಾರ್ಯನ ೫೦ ನಿವರ್ತನವನ್ನು ಉತ್ತವನ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಕಲ್ಲು ಯಾರ ಲೆಕ್ಕವನ್ನು ಇಟ್ಟಿತೋ ಅವರು ಉಳಿದರು. ಯಾರ ಲೆಕ್ಕ ಒಡೆಯನ ಬಾಯಲ್ಲೇ ಉಳಿಯಿತೋ ಅವರ ಜೀವಿತ ಜೀತವಾಯಿತು. ತಂದೆ ಮಾಡಿದ ಸಾಲ ಎಷ್ಟು, ತಾನು ದುಡಿದು ತೀರಿಸಿದ್ದು ಎಷ್ಟು, ಉಳಿದದ್ದು ಎಷ್ಟು ಎಂಬುದು ಜೀತದಾಳಿಗೆ ಎಂದೂ ತಿಳಿಯುತ್ತಿರಲಿಲ್ಲ. ತಿಳಿದವನ ಪುಸ್ತಕವನ್ನು ಅವನು ಓದುವಂತಿರಲಿಲ್ಲ. ೧೯೭೬ರ ಕಾನೂನು ಜೀತಪದ್ಧತಿಯನ್ನು ರದ್ದುಮಾಡಿದಾಗ ಆಳನ್ನು ಬಿಡಿಸಿದ್ದಷ್ಟೇ ಅಲ್ಲ, ಆ ಗುಟ್ಟಿನ ಲೆಕ್ಕವನ್ನೇ ಅಳಿಸಿಹಾಕಿತು.

ಇನ್ನು ಕಚೇರಿಗಳ ಕಡೆಗೆ ಬರೋಣ. ಉತ್ತರ ಕನ್ನಡವು ೧೮೬೨ರಲ್ಲಿ ಮದ್ರಾಸಿನ ಆಡಳಿತದಿಂದ ಮುಂಬಯಿಯ ಆಡಳಿತಕ್ಕೆ ಹೋಯಿತು. ಮುಂಡಗೋಡವು ಆಗ ಯಲ್ಲಾಪುರ ತಾಲೂಕಿಗೆ ಸೇರಿದ ಒಂದು ಪೇಟಾ. ಬ್ರಿಟಿಷರು ಬೇರೆ ಎಷ್ಟೋ ವಿಷಯಗಳಲ್ಲಿ ಗುಟ್ಟು ಕಾಯುವವರಾದರೂ, ಸರಕಾರಿ ಸಂಬಳವನ್ನು ಗುಟ್ಟಾಗಿಡಲಿಲ್ಲ. ದೊಡ್ಡ ಅಧಿಕಾರಿಗಳ ಹೆಸರು, ಹುದ್ದೆ, ಸಂಬಳಗಳನ್ನು ಅಚ್ಚುಹಾಕಿಸಿದ ‘ಸಿವಿಲ್ ಲಿಸ್ಟ್’ ಹೊರಬರುತ್ತಿತ್ತು. ಸಣ್ಣ ನೌಕರರಿಗೆ ಬಟವಡೆ ಪುಸ್ತಕವಿತ್ತು. ನಾನು ಕಾರಕೂನನಾಗಿ ಸೇರಿದ ಕಾಲದಲ್ಲೂ ಅದೇ ಪುಸ್ತಕ ನಡೆದಿತ್ತು. ಒಂದನೆಯ ತಾರೀಖಿಗೆ ಎಲ್ಲರೂ ಸಾಲಾಗಿ ಹೋಗಿ, ಉದ್ದನೆಯ ಹಾಳೆಯಲ್ಲಿ ತಮ್ಮ ಹೆಸರಿನ ಮುಂದೆ ಅಂಟಿಸಿದ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಬೇಕು. ಸಹಿ ಹಾಕುವವನ ಕಣ್ಣು ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಹೋಗಿಯೇ ಹೋಗುತ್ತಿತ್ತು. ಯಾರಿಗೆ ಮುಂಗಡ ಕಡಿತವಾಗಿದೆ, ಯಾರ ಸೊಸೈಟಿ ಸಾಲ ತೀರಿದೆ, ಯಾರ ವಾರ್ಷಿಕ ಬಡತಿ ನಿಂತಿದೆ, ಎಲ್ಲವೂ ಬಯಲು. ಅದರಿಂದ ನಮ್ಮ ಮರ್ಯಾದೆಯೇನೂ ಹೋಗಲಿಲ್ಲ. ಬಚ್ಚಿಡುವುದು ಬೇಕಾದವರಿಗೆ ಬಚ್ಚಿಡಲು ಬೇರೆಯೇ ಇತ್ತು. ಸಂಬಳದ ಪ್ರಾಸಕ್ಕೆ ನಮ್ಮ ಜನ ಗಿಂಬಳವೆಂಬ ಶಬ್ದವನ್ನು ಕಟ್ಟಿದ್ದಾರಷ್ಟೆ. ಮೊದಲನೆಯದು ಪುಸ್ತಕದಲ್ಲಿ, ಎರಡನೆಯದು ಮೇಜಿನ ಕೆಳಗೆ. ಯಾವುದು ಗುಟ್ಟಾಗಿರಬೇಕೆಂದು ಮನುಷ್ಯ ಬಯಸುತ್ತಾನೋ ಅದರಲ್ಲಿ ಏನೋ ಒಂದು ಕೊರೆ ಇರುತ್ತದೆಂಬುದಕ್ಕೆ ಈ ಜೋಡಿ ಶಬ್ದವೇ ಸಾಕ್ಷಿ.

ಈ ಬಟವಡೆ ಪುಸ್ತಕದ ಮಹಿಮೆ ನಮ್ಮ ನಾಡಿಗೆ ಚೆನ್ನಾಗಿ ತಿಳಿದುದು ೧೯೫೬ರ ನವೆಂಬರ್ ೧ರ ಅನಂತರ. ಹರಿದು ಹಂಚಿಹೋಗಿದ್ದ ಕನ್ನಡ ನಾಡು ಅಂದು ಒಂದಾಯಿತು. ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು, ಹೀಗೆ ಐದು ಆಡಳಿತಗಳ ನೌಕರರು ಒಂದೇ ಸರಕಾರದ ನೌಕರರಾದರು. ಐದು ಕಡೆಯ ಸಂಬಳದ ಶ್ರೇಣಿ ಐದು ಬಗೆ. ಹುದ್ದೆಯ ಹೆಸರು ಐದು ಬಗೆ. ಬಡತಿಯ ನಿಯಮ ಐದು ಬಗೆ. ಇಲ್ಲಿಯ ಕಾರಕೂನ, ಅಲ್ಲಿಯ ಗುಮಾಸ್ತೆ, ಇನ್ನೊಂದೆಡೆಯ ಅಹಲ್ಕಾರ, ಮೂವರೂ ಒಂದೇ ಮೇಜಿನ ಸುತ್ತ ಕುಳಿತು ಒಂದೇ ಬಗೆಯ ಕಡತ ನೋಡುತ್ತಿದ್ದರೂ ಕೈಗೆ ಬರುವ ಹಣ ಬೇರೆ ಬೇರೆಯಾಗಿರುವ ಸಂಭವವಿತ್ತು. ನಾಡು ಒಂದಾದ ಸಂತೋಷದ ಜೊತೆಗೆ ಈ ಸಂಕಟವೂ ಬಂತು.

ರಾಜ್ಯ ಪುನರ್ವಿಂಗಡಣೆಯ ಕಾನೂನು ಮಾಡಿದವರಿಗೆ ಇದರ ಅರಿವು ಇತ್ತು. ಆ ಕಾನೂನಿನ ೧೧೫ನೆಯ ಕಲಮಿನಲ್ಲಿ, ಹೀಗೆ ಬಂದ ನೌಕರರ ಸೇವಾ ನಿಯಮಗಳನ್ನು ಕೇಂದ್ರ ಸರಕಾರದ ಪೂರ್ವಾನುಮತಿಯಿಲ್ಲದೆ ಅವರಿಗೆ ನಷ್ಟವಾಗುವಂತೆ ಬದಲಿಸಕೂಡದೆಂದು ಬರೆದರು. ಇದು ಒಳ್ಳೆಯ ಕಾವಲು. ಆದರೆ ಯಾರ ಹುದ್ದೆ ಯಾರ ಹುದ್ದೆಗೆ ಸಮ, ಯಾರು ಹಿರಿಯರು, ಯಾರು ಕಿರಿಯರು ಎಂಬ ಪ್ರಶ್ನೆಗಳು ಒಂದೆರಡು ವರ್ಷಗಳಲ್ಲಿ ತೀರುವಂಥವಾಗಿರಲಿಲ್ಲ. ಮದ್ರಾಸಿನ ಆಡಳಿತದಿಂದ ಬಂದ ದಕ್ಷಿಣ ಕನ್ನಡದ ರಾಘವೇಂದ್ರ ರಾವ್ ಎಂಬ ಕಂದಾಯ ಇಲಾಖೆಯ ನೌಕರರ ಮೊಕದ್ದಮೆಯು ಈ ೧೧೫ನೆಯ ಕಲಮಿನ ಅರ್ಥವನ್ನೇ ಹಿಡಿದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಮುಂದೆ ನ್ಯಾಯಮೂರ್ತಿ ಟಿ. ಕೆ. ತುಕೋಳ ಅವರ ಅಧ್ಯಕ್ಷತೆಯಲ್ಲಿ ವೇತನ ಆಯೋಗವೂ ಆಯಿತು. ಆ ದಿನಗಳನ್ನು ಕಂಡ ಹಿರಿಯ ನೌಕರರು ನನ್ನ ಕಾಲಕ್ಕೆ ಇನ್ನೂ ಸೇವೆಯಲ್ಲಿದ್ದರು. ‘ನಾವು ಮುಂಬಯಿ ಕಡೆಯವರು’ ಎಂದು ಮಾತು ತೆಗೆದರೆಂದರೆ ಊಟದ ಬಿಡುವು ಮುಗಿಯುತ್ತಿತ್ತು. ಹೋಲಿಕೆಯಿಂದ ಮನಸ್ತಾಪ ಹುಟ್ಟಿತೆಂಬುದು ನಿಜ. ಆದರೆ ಹೋಲಿಸಿ ನೋಡದೇ ಇದ್ದಿದ್ದರೆ ಸರಿಪಡಿಸುವ ಕೆಲಸಕ್ಕೆ ಯಾರೂ ಕೈಹಾಕುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ.

ಇಂದು ಆ ಪಟ್ಟಿ ಎಷ್ಟು ಬಯಲಾಗಿದೆಯೆಂದರೆ, ಕೆ. ಸುಧಾಕರ ರಾವ್ ಅವರ ಏಳನೆಯ ವೇತನ ಆಯೋಗದ ಶಿಫಾರಸಿನಂತೆ ೨೦೨೪ರ ಆಗಸ್ಟಿನಿಂದ ರಾಜ್ಯ ಸರಕಾರಿ ನೌಕರನ ಕನಿಷ್ಠ ಮೂಲವೇತನ ೧೭,೦೦೦ ರೂಪಾಯಿಯಿಂದ ೨೭,೦೦೦ಕ್ಕೆ ಏರಿತೆಂಬುದನ್ನೂ, ಗರಿಷ್ಠವು ೨,೪೧,೨೦೦ ಎಂಬುದನ್ನೂ ಚಹಾ ಅಂಗಡಿಯಲ್ಲಿ ಕುಳಿತವನೂ ಹೇಳಬಲ್ಲ. ಕೌಟಿಲ್ಯನ ಎಂಟುನೂರು ಪಟ್ಟು ಇಲ್ಲಿ ಒಂಬತ್ತು ಪಟ್ಟಿಗೆ ಇಳಿದಿದೆ. ಪಟ್ಟಿಯನ್ನು ಎಲ್ಲರೂ ಓದುವ ಕಡೆ ಅಂತರವನ್ನು ಬಹಳ ಹಿಗ್ಗಿಸುವುದು ಕಷ್ಟ.

ಆದರೆ ಪಟ್ಟಿಯ ಹೊರಗೆ ಉಳಿದವರ ಗತಿಯೇನು? ಇದಕ್ಕೆ ಉತ್ತರ ನಮ್ಮ ನೆರೆಯ ಧಾರವಾಡದಲ್ಲೇ ಇದೆ. ಮುಂಡಗೋಡದಿಂದ ಹುಬ್ಬಳ್ಳಿಯ ಬಸ್ಸು ಹಿಡಿದವನಿಗೆ ಧಾರವಾಡ ದೂರವೇನಲ್ಲ. ಅಲ್ಲಿಯ ಲೋಕೋಪಯೋಗಿ ಇಲಾಖೆಯಲ್ಲಿ ಓದುಬರಹ ಬಲ್ಲ ಅನೇಕರು ದಿನಗೂಲಿಯ ಮೇಲೆ ಇದ್ದರು. ಹೆಸರಿಗೆ ದಿನಗೂಲಿ, ಕೆಲಸ ಮಾತ್ರ ಕಾಯಂ ನೌಕರನದೇ. ಅದೇ ಕಚೇರಿ, ಅದೇ ಹಜೇರಿಯ ಹೊತ್ತು, ಅದೇ ಮೇಲಧಿಕಾರಿಯ ಬೈಗುಳ. ವ್ಯತ್ಯಾಸವಿದ್ದುದು ತಿಂಗಳ ಕೊನೆಯಲ್ಲಿ ಮಾತ್ರ: ಒಬ್ಬನ ಹೆಸರು ಬಟವಡೆ ಪುಸ್ತಕದಲ್ಲಿ, ಇನ್ನೊಬ್ಬನದು ಮಸ್ಟರ್ ರೋಲಿನಲ್ಲಿ. ಅವರು ತಮ್ಮದೊಂದು ಸಂಘ ಕಟ್ಟಿಕೊಂಡು, ಸಮಾನ ಕೆಲಸಕ್ಕೆ ಸಮಾನ ವೇತನ ಬೇಕೆಂದು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ಸಂವಿಧಾನದ ೩೯ನೆಯ ಅನುಚ್ಛೇದದಲ್ಲಿ ರಾಜ್ಯವು ಅನುಸರಿಸಬೇಕಾದ ನೀತಿಯೆಂದು ಬರೆದಿಟ್ಟ ಮಾತೇ ಅವರ ಆಧಾರ.

೧೯೯೦ರ ಫೆಬ್ರವರಿಯಲ್ಲಿ ತೀರ್ಪು ಬಂತು. ರಾಜ್ಯದ ವಿವಿಧ ಇಲಾಖೆಗಳಲ್ಲಿ ಇಂಥವರು ಸುಮಾರು ೫೦,೦೦೦ ಮಂದಿ ಇದ್ದಾರೆಂಬುದೂ, ಅವರಲ್ಲಿ ಹದಿನಾರು ಇಪ್ಪತ್ತು ವರ್ಷ ದುಡಿದವರಿದ್ದಾರೆಂಬುದೂ ಅಲ್ಲಿ ಪ್ರಕಟವಾಯಿತು. ೧೯೮೪ರ ಜುಲೈ ೧ರಂದು ಅಥವಾ ಅದಕ್ಕೆ ಮುಂಚೆ ಸೇರಿದವರನ್ನು ೧೯೯೦ರ ಜನವರಿ ೧ರಿಂದ ತಿಂಗಳಿಗೆ ೭೮೦ ರೂಪಾಯಿಯ ಮಾಸಿಕ ನೌಕರರೆಂದು ಎಣಿಸಬೇಕು. ಹತ್ತು ವರ್ಷ ತುಂಬಿದವರಲ್ಲಿ ೧೮,೬೦೦ ಮಂದಿಯನ್ನು ಕೂಡಲೇ ಕಾಯಂ ಮಾಡಬೇಕು. ಉಳಿದವರನ್ನು ಹಂತಹಂತವಾಗಿ ತೆಗೆದುಕೊಳ್ಳಬೇಕು ಎಂದು ನ್ಯಾಯಾಲಯ ಗೊತ್ತುಮಾಡಿತು. ಧಾರವಾಡ ಜಿಲ್ಲೆಯ ಕೆಲವು ದಿನಗೂಲಿಗಳ ಅರ್ಜಿಯು ನಾಡಿನುದ್ದಕ್ಕೂ ಸಾವಿರಾರು ಮನೆಗಳ ಒಲೆಯನ್ನು ಮುಟ್ಟಿತು.

ಈ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ತೀರ್ಪಿನ ಮೇಲಲ್ಲ. ಅದಕ್ಕೂ ಹಿಂದಿನ ಒಂದು ಗಳಿಗೆಯ ಮೇಲೆ. ‘ಸಮಾನ ಕೆಲಸಕ್ಕೆ ಸಮಾನ ವೇತನ’ ಎಂಬ ಮೊಕದ್ದಮೆಯಲ್ಲಿ ಎರಡು ಅಂಕಿಗಳು ಬೇಕು: ನನ್ನದು ಇಷ್ಟು, ಅವನದು ಅಷ್ಟು. ಎರಡನೆಯ ಅಂಕಿ ತಿಳಿಯದವನಿಗೆ ಮೊಕದ್ದಮೆಯೇ ಇಲ್ಲ. ಸರಕಾರಿ ವೇತನಶ್ರೇಣಿ ಗುಟ್ಟಾಗಿರಲಿಲ್ಲವಾದ್ದರಿಂದ ಧಾರವಾಡದವರಿಗೆ ಆ ಅಂಕಿ ಸಿಕ್ಕಿತು. ಗುಟ್ಟಾಗಿದ್ದಿದ್ದರೆ ಆ ೫೦,೦೦೦ ಮಂದಿ ತಮಗೆ ಕಡಿಮೆಯಾಗಿದೆಯೆಂದು ಗೊಣಗುತ್ತಿದ್ದರೇ ಹೊರತು, ಎಷ್ಟು ಕಡಿಮೆಯಾಗಿದೆಯೆಂದು ಹೇಳಲಾರದೆ ಹೋಗುತ್ತಿದ್ದರು.

ಮುಂದಿನ ಕಥೆ ಅಷ್ಟು ನೇರವಾಗಿಲ್ಲವೆಂಬುದನ್ನೂ ಹೇಳಬೇಕು. ೨೦೦೬ರ ಏಪ್ರಿಲ್‌ನಲ್ಲಿ, ಕರ್ನಾಟಕದ್ದೇ ಆದ ಉಮಾದೇವಿಯವರ ಮೊಕದ್ದಮೆಯಲ್ಲಿ, ಐವರು ನ್ಯಾಯಮೂರ್ತಿಗಳ ಪೀಠವು ದಿನಗೂಲಿಯವರಿಗೆ ಕಾಯಂ ಆಗುವ ಹಕ್ಕು ತಾನಾಗಿ ಬರುವುದಿಲ್ಲವೆಂದು ಹೇಳಿತು. ೨೦೧೬ರಲ್ಲಿ ಪಂಜಾಬಿನ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯ, ಕಾಯಂ ಆಗದಿದ್ದರೂ ಒಂದೇ ಕೆಲಸ ಮಾಡುವ ತಾತ್ಕಾಲಿಕನಿಗೆ ಸಮಾನ ವೇತನದ ತತ್ತ್ವ ಅನ್ವಯಿಸುತ್ತದೆಂದು ಹೇಳಿತು. ನ್ಯಾಯದ ತಕ್ಕಡಿ ಆಚೆಗೂ ಈಚೆಗೂ ತೂಗಿದೆ. ತೂಗುವುದಕ್ಕಾದರೂ ಎರಡೂ ತಟ್ಟೆಯಲ್ಲಿ ಏನಿದೆಯೆಂಬುದು ಕಾಣಬೇಕಷ್ಟೆ.

ಖಾಸಗಿ ಕಚೇರಿಯಲ್ಲಿ ಇದು ಕಂಡದ್ದಕ್ಕೆ ಒಂದು ಉದಾಹರಣೆ ಮುಂಬಯಿಯಲ್ಲಿ ಇದೆ. ಮ್ಯಾಕಿನಾನ್ ಮೆಕೆಂಝಿ ಎಂಬ ಹಡಗಿನ ಕಂಪನಿಯಲ್ಲಿ ಆಡ್ರಿ ಡಿಕೋಸ್ಟಾ ಎಂಬವರು ಸ್ಟೆನೋಗ್ರಾಫರ್ ಆಗಿದ್ದರು. ಗಂಡಸು ಸ್ಟೆನೋಗ್ರಾಫರುಗಳಿಗಿಂತ ಹೆಂಗಸರಿಗೆ ಕಡಿಮೆ ಸಂಬಳವಿದೆಯೆಂದು, ೧೯೭೬ರ ಸಮಾನ ವೇತನ ಕಾನೂನಿನ ಮೇರೆಗೆ ಅವರು ದೂರು ಕೊಟ್ಟರು. ೧೯೮೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಪಕ್ಷವನ್ನು ಎತ್ತಿಹಿಡಿಯಿತು. ಕೊಡಲು ಹಣವಿಲ್ಲವೆಂಬುದು ಭೇದಕ್ಕೆ ನೆವವಾಗಲಾರದೆಂದಿತು. ಆ ತೀರ್ಪನ್ನು ಬರೆದವರು ನಮ್ಮ ಮಂಡ್ಯ ಸೀಮೆಯ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು.

ನಮ್ಮ ಅಣ್ಣನ ಮಗ ಬೆಂಗಳೂರಿನಲ್ಲಿ ಒಂದು ಖಾಸಗಿ ಕಚೇರಿಯಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಾಗ ಈ ಮಾತು ಬಂತು.

“ಕಾಕಾ, ನಮ್ಮ ಆಫೀಸಿನ್ಯಾಗ ಪಗಾರದ ಮಾತು ಆಡಾಂಗಿಲ್ಲ. ಆರ್ಡರಿನ್ಯಾಗ ಬರದುಕೊಟ್ಟಾರ” ಎಂದ.

“ಆಡಿದ್ರ ಏನಾಕ್ಕೈತಿ?” ಎಂದು ಕೇಳಿದೆ.

“ಏನಾಕ್ಕೈತೋ ಗೊತ್ತಿಲ್ಲ. ಯಾರೂ ಆಡಿ ನೋಡಿಲ್ಲ.”

ತಾನೇ ಕೆಲಸ ಕಲಿಸಿದ ಹೊಸ ಹುಡುಗನೊಬ್ಬನಿಗೆ ತನಗಿಂತ ಹೆಚ್ಚು ಬರುತ್ತದೆಂದು ಅವನಿಗೆ ಹೇಗೋ ತಿಳಿದಿತ್ತು. ತಿಳಿದದ್ದೇ ತಪ್ಪೋ ಎಂಬಂತೆ ಅವನು ದನಿ ತಗ್ಗಿಸಿ ಮಾತಾಡುತ್ತಿದ್ದ. ಅಪ್ಪನ ಮನೆಯ ಪಡಸಾಲೆಯಲ್ಲಿ, ಬೆಂಗಳೂರಿನಿಂದ ಅಷ್ಟು ದೂರ ಬಂದು ಕುಳಿತರೂ ಆ ಷರತ್ತು ಅವನ ಜೊತೆಗೇ ಬಂದಿತ್ತು.

ಇಂಥ ನಿಷೇಧ ಹೊಸದೇನಲ್ಲ. ೧೯೧೯ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ‘ವ್ಯಾನಿಟಿ ಫೇರ್’ ಪತ್ರಿಕೆಯ ಆಡಳಿತವು ನೌಕರರು ತಮ್ಮತಮ್ಮಲ್ಲಿ ಸಂಬಳದ ವಿಚಾರ ಮಾತಾಡಕೂಡದೆಂದು ಸುತ್ತೋಲೆ ಹೊರಡಿಸಿತು. ಅಲ್ಲಿ ಕೆಲಸಕ್ಕಿದ್ದ ಡೊರೊಥಿ ಪಾರ್ಕರ್, ರಾಬರ್ಟ್ ಬೆಂಚ್ಲಿ, ರಾಬರ್ಟ್ ಶೆರ್‌ವುಡ್ ಎಂಬ ಮೂವರು ಬರಹಗಾರರು ಏನು ಮಾಡಿದರು ಗೊತ್ತೇ? ತಮ್ಮತಮ್ಮ ಸಂಬಳವನ್ನು ಫಲಕದ ಮೇಲೆ ಬರೆದು ಕೊರಳಿಗೆ ನೇತುಹಾಕಿಕೊಂಡು ಕಚೇರಿಯಲ್ಲಿ ಓಡಾಡಿದರು. ನಗೆಬರಹಗಾರರಿಗೆ ಇದು ಸಾಧ್ಯ. ಸಂಸಾರವಂದಿಗ ಕಾರಕೂನನಿಗೆ ಕಷ್ಟ. ಆದರೂ ಮುಂದೆ ೧೯೩೫ರಲ್ಲಿ ಅಮೆರಿಕದ ಕಾರ್ಮಿಕ ಕಾನೂನು ನೌಕರರು ತಮ್ಮ ಹಿತಕ್ಕಾಗಿ ಒಟ್ಟಾಗಿ ವರ್ತಿಸುವ ಹಕ್ಕನ್ನು ಕೊಟ್ಟಾಗ, ಸಂಬಳದ ಮಾತೂ ಅದರೊಳಗೇ ಸೇರಿತು.

ಕಾನೂನು ಇದ್ದರೂ ಗುಟ್ಟು ಬಿಡಲಿಲ್ಲ. ಅಲಬಾಮಾ ಪ್ರಾಂತದ ಟೈರು ಕಾರಖಾನೆಯೊಂದರಲ್ಲಿ ಲಿಲಿ ಲೆಡ್‌ಬೆಟರ್ ಎಂಬಾಕೆ ೧೯೭೯ರಿಂದ ೧೯೯೮ರವರೆಗೆ ಮೇಲ್ವಿಚಾರಕಿಯಾಗಿ ದುಡಿದಳು. ಸೇವೆ ಮುಗಿಯುತ್ತ ಬಂದಾಗ ಹೆಸರಿಲ್ಲದ ಒಂದು ಚೀಟಿ ಅವಳ ಕೈಗೆ ಬಂತು. ಅವಳಿಗೆ ತಿಂಗಳಿಗೆ ೩,೭೨೭ ಡಾಲರ್. ಅದೇ ಕೆಲಸದ ಗಂಡಸರಲ್ಲಿ ಅತ್ಯಂತ ಕಡಿಮೆಯವನಿಗೂ ೪,೨೮೬. ಮೊಕದ್ದಮೆ ಹೂಡಿದಳು. ೨೦೦೭ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ನಾಲ್ವರ ವಿರುದ್ಧ ಐವರ ಬಹುಮತದಿಂದ, ಸಂಬಳ ಗೊತ್ತುಮಾಡಿದ ೧೮೦ ದಿನಗಳೊಳಗೆ ದೂರು ಕೊಡಬೇಕಿತ್ತು ಎಂದಿತು. ತಿಳಿಯದೇ ಇದ್ದುದನ್ನು ೧೮೦ ದಿನಗಳೊಳಗೆ ದೂರುವುದು ಹೇಗೆ! ೨೦೦೯ರಲ್ಲಿ ಅವಳ ಹೆಸರಿನಲ್ಲೇ ಕಾನೂನು ತಿದ್ದುಪಡಿಯಾಯಿತು. ಅವಳ ಕೈಬಿಟ್ಟುಹೋದ ಹಣ ಮಾತ್ರ ಅವಳಿಗೆ ಬರಲಿಲ್ಲ. ಒಂದು ಚೀಟಿಯ ತಡದಿಂದ ಇಪ್ಪತ್ತು ವರ್ಷಗಳ ದುಡಿಮೆಗೆ ಕತ್ತರಿ ಬಿತ್ತು.

ಇನ್ನು ಎದುರುವಾದವನ್ನೂ ಕೇಳೋಣ; ಅದರಲ್ಲೂ ಹುರುಳಿದೆ. ಸಂಬಳ ಬಯಲಾದರೆ ಹೊಟ್ಟೆಕಿಚ್ಚು ಹುಟ್ಟುತ್ತದೆ ಎನ್ನುತ್ತಾರೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ನೌಕರರ ಮೇಲೆ ಅರ್ಥಶಾಸ್ತ್ರಜ್ಞರು ಒಂದು ಪರೀಕ್ಷೆ ಮಾಡಿ ೨೦೧೨ರಲ್ಲಿ ಪ್ರಕಟಿಸಿದರು. ಜೊತೆಗಾರರ ಸಂಬಳ ತಿಳಿದಾಗ, ನಡುಮಟ್ಟಕ್ಕಿಂತ ಕೆಳಗಿದ್ದವರ ಅಸಮಾಧಾನ ಹೆಚ್ಚಿತು. ಮೇಲಿದ್ದವರ ಸಂತೋಷವೇನೂ ಹೆಚ್ಚಲಿಲ್ಲ. ಅಂದರೆ ತಿಳಿವಳಿಕೆಯಿಂದ ಮನುಷ್ಯನ ಸುಖದ ಮೊತ್ತ ತುಸು ಇಳಿಯಿತು. ಎರಡನೆಯದಾಗಿ, ಸಂಬಳದ ಅಂಕಿ ಕಚೇರಿಯಲ್ಲೇ ನಿಲ್ಲುವುದಿಲ್ಲ. ಬೀದಿಗೆ ಬಂದು ನೆಂಟರ ಮನೆಗೆ ಹೋಗುತ್ತದೆ. ನಾರ್ವೆಯಲ್ಲಿ ಪ್ರತಿಯೊಬ್ಬನ ಆದಾಯ ತೆರಿಗೆಯ ವಿವರವನ್ನೂ ಯಾರು ಬೇಕಾದರೂ ನೋಡಬಹುದಾಗಿತ್ತು. ಜನ ನೆರೆಯವರನ್ನು ಹುಡುಕಿ ಹುಡುಕಿ ನೋಡತೊಡಗಿದಾಗ, ೨೦೧೪ರಿಂದ ನೋಡಿದವನ ಹೆಸರು ನೋಡಿಸಿಕೊಂಡವನಿಗೆ ತಿಳಿಯುವಂತೆ ಮಾಡಿದರು. ಅದರೊಡನೆ ಕುತೂಹಲಿಗಳ ಸಂಖ್ಯೆ ಥಟ್ಟನೆ ಇಳಿಯಿತು!

ಈ ವಾದಗಳನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅಸಮಾಧಾನಕ್ಕೆ ಕಾರಣ ಅಂಕಿಯೋ, ಅಂಕಿಯನ್ನು ತಿಳಿಸಿದ ಬಾಯಿಯೋ? ನೆಲದ ಏರುತಗ್ಗು ದೀಪ ಹಚ್ಚಿದಾಗ ಕಂಡರೆ ದೀಪವನ್ನು ಬೈಯುವವರಿಲ್ಲ. ಇನ್ನೊಂದು ಮಾತು: ಗುಟ್ಟು ಅಸೂಯೆಯನ್ನು ಹೋಗಲಾಡಿಸುವುದಿಲ್ಲ, ಊಹೆಗೆ ಒಪ್ಪಿಸುತ್ತದೆ. ಅವನಿಗೆ ಇಷ್ಟಂತೆ, ಇವಳಿಗೆ ಅಷ್ಟಂತೆ ಎಂಬ ಅಂತೆಕಂತೆಗಳು ನಿಜಕ್ಕಿಂತ ಹೆಚ್ಚು ಕಹಿಯಾಗಿರುತ್ತವೆ. ಬಟವಡೆ ಪುಸ್ತಕದ ಕಾಲದಲ್ಲಿ ನಮಗೆ ಅಸೂಯೆ ಇದ್ದರೂ ಅದಕ್ಕೊಂದು ಎಲ್ಲೆಯಿತ್ತು. ಹಿರಿಯನಿಗೆ ಹೆಚ್ಚು ಯಾಕೆಂಬುದಕ್ಕೆ ನಿಯಮವನ್ನು ತೋರಿಸಬಹುದಾಗಿತ್ತು. ಕಾರಣವನ್ನು ಹೇಳಬಲ್ಲ ಯಜಮಾನನಿಗೆ ಬಯಲಿನ ಭಯವಿಲ್ಲ. ಕೆಲಸದಲ್ಲಿ ಮುಂದಿರುವವನಿಗೆ ನಾಲ್ಕು ಕಾಸು ಹೆಚ್ಚು ಕೊಡುವುದು ಅನ್ಯಾಯವೂ ಅಲ್ಲ. ಯಾಕೆ ಹೆಚ್ಚೆಂದು ಉಳಿದವರಿಗೆ ಹೇಳಿಕೊಡಬೇಕಾದ ಶ್ರಮ ಯಜಮಾನನದು, ಅಷ್ಟೆ.

ನಮ್ಮ ಸರಕಾರದ ಮಟ್ಟಿಗೆ ಈ ವಾದವು ೨೦೦೫ರಲ್ಲೇ ತೀರ್ಮಾನವಾಗಿದೆ. ಮಾಹಿತಿ ಹಕ್ಕಿನ ಕಾನೂನಿನ ನಾಲ್ಕನೆಯ ಕಲಮಿನ ಪ್ರಕಾರ ಪ್ರತಿಯೊಂದು ಸಾರ್ವಜನಿಕ ಕಚೇರಿಯೂ ತನ್ನ ಪ್ರತಿಯೊಬ್ಬ ಅಧಿಕಾರಿ, ನೌಕರನ ಮಾಸಿಕ ವೇತನವನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು. ಅದೇ ವರ್ಷದ ಗ್ರಾಮೀಣ ಉದ್ಯೋಗ ಖಾತರಿಯ ಕಾನೂನು, ಕೆರೆ ಹೂಳೆತ್ತಿದ ಕೂಲಿಕಾರರ ಹಜೇರಿ ಪಟ್ಟಿಯನ್ನು ಪಂಚಾಯತಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಇಡಬೇಕೆಂದೂ, ಗ್ರಾಮಸಭೆಯು ಲೆಕ್ಕವನ್ನು ತಾನೇ ಪರಿಶೋಧಿಸಬೇಕೆಂದೂ ವಿಧಿಸಿತು. ಮಸ್ಟರ್ ರೋಲಿನಲ್ಲಿ ಸತ್ತವರ ಹೆಸರೂ ಊರು ಬಿಟ್ಟವರ ಹೆಸರೂ ಇದ್ದರೆ ಹಿಡಿಯಬಲ್ಲವರು ಯಾರು? ಊರಿನವರೇ. ಸಾಲೋಟಗಿಯ ಕಲ್ಲು ಮಾಡಿದ ಕೆಲಸವನ್ನು ಹಾಳೆಯ ಪಟ್ಟಿ ಮಾಡಿತು. ಅದೂ ಕಲ್ಲು ಮರೆತುಬಿಟ್ಟಿದ್ದ ಮಣ್ಣಿನ ಕೆಲಸದವರ ಪರವಾಗಿ. ಖಾಸಗಿ ವಲಯದಲ್ಲೂ ೨೦೧೩ರ ಕಂಪನಿ ಕಾನೂನು, ಷೇರುಪೇಟೆಗೆ ಸೇರಿದ ಕಂಪನಿಗಳು ತಮ್ಮ ನಿರ್ದೇಶಕನ ಸಂಭಾವನೆಯು ನಡುಮಟ್ಟದ ನೌಕರನ ಸಂಬಳದ ಎಷ್ಟು ಪಟ್ಟು ಎಂಬುದನ್ನು ಹೇಳಬೇಕೆಂದಿತು. ಯೂರೋಪಿನ ಒಕ್ಕೂಟವು ೨೦೨೩ರಲ್ಲಿ ಇನ್ನೂ ಮುಂದುವರಿದು, ಸಂಬಳವನ್ನು ಹೇಳಿಕೊಳ್ಳದಂತೆ ನೌಕರನ ಬಾಯಿ ಕಟ್ಟಕೂಡದೆಂದು ತನ್ನ ರಾಷ್ಟ್ರಗಳಿಗೆ ನಿರ್ದೇಶನ ಕೊಟ್ಟಿತು.

ಹಾಗಾದರೆ ಜೊತೆಗಾರನಿಗೆ ಸಂಬಳ ಹೇಳಬೇಕೇ, ಬೇಡವೇ? ಹೇಳಬೇಕೆಂದೇ ನನ್ನ ಮತ. ಆದರೆ ಕೆಲವು ಮರ್ಯಾದೆಗಳಿವೆ. ಹೇಳುವವನು ತನ್ನದನ್ನು ಮಾತ್ರ ಹೇಳಬೇಕು. ಇನ್ನೊಬ್ಬನು ನಂಬಿ ಹೇಳಿದ್ದನ್ನು ಸಾಕ್ಷಿಯಾಗಿ ಎಳೆದು ತರಕೂಡದು. ಬರಿಯ ಅಂಕಿಯನ್ನಷ್ಟೇ ಹೇಳದೆ ತನ್ನ ಸೇವೆಯ ವರ್ಷ, ಕೆಲಸ, ಹೊಣೆಗಳನ್ನೂ ಜೊತೆಗೆ ಹೇಳಬೇಕು. ಇಲ್ಲವಾದರೆ ಹೋಲಿಕೆ ಹೋಲಿಕೆಯಾಗದೆ ಜಗಳವಾದೀತು. ಹೆಚ್ಚು ಬರುವವನೇ ಮೊದಲು ಬಾಯಿ ಬಿಡುವುದು ಒಳ್ಳೆಯದು. ಕಡಿಮೆ ಬರುವವನಿಗೆ ನಾಚಿಕೆಯ ಭಾರವೂ ಇರುತ್ತದೆ. ಹೆಚ್ಚು ಪಡೆಯುವ ಹೊಸ ಹುಡುಗನ ಮೇಲೆ ಸಿಟ್ಟು ಮಾಡುವುದು ವ್ಯರ್ಥ. ತನಗೆ ಕೊಟ್ಟದ್ದನ್ನು ಅವನು ತೆಗೆದುಕೊಂಡಿದ್ದಾನೆ. ಪ್ರಶ್ನೆ ಹೋಗಬೇಕಾದದ್ದು ಕೊಡುವವನ ಕಡೆಗೆ. ಅದೂ ಒಬ್ಬಂಟಿಯಾಗಿ ಅಲ್ಲ, ಸಾಧ್ಯವಾದಷ್ಟು ಮಂದಿ ಕೂಡಿ. ಧಾರವಾಡದವರು ಸಂಘ ಕಟ್ಟಿಕೊಂಡು ಹೋದರೆಂಬುದನ್ನು ಮರೆಯಬಾರದು. ಅಣ್ಣನ ಮಗನಿಗೂ ನಾನು ಇಷ್ಟನ್ನೇ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡ. ಮನೆಯ ಸಾಲದ ಕಂತು ಅವನ ತಲೆಯ ಮೇಲಿದೆ. ಕೆಲಸ ಹೋದರೆ ಅದನ್ನು ಕಟ್ಟುವವನು ನಾನಲ್ಲ. ಆದುದರಿಂದ ಉಪದೇಶವನ್ನು ಅಲ್ಲಿಗೇ ನಿಲ್ಲಿಸಿದೆ.

ಈಗ ಬಟವಡೆ ಪುಸ್ತಕ ಹೋಗಿದೆ. ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಬರುತ್ತದೆ, ಫೋನಿನಲ್ಲಿ ಒಂದು ಸಾಲು ಮೂಡಿ ಮರೆಯಾಗುತ್ತದೆ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಕಣ್ಣು ಹೋಗುವ ಸಂದರ್ಭವೇ ಇಲ್ಲ. ಅನುಕೂಲ ಹೆಚ್ಚಿದೆ, ನಡುವಿನವನ ಕೈವಾಡ ತಪ್ಪಿದೆ, ಇದು ಸಣ್ಣ ಲಾಭವಲ್ಲ. ಆದರೆ ಹಿಂದೆ ಪುಸ್ತಕವು ತಾನಾಗಿ ಹೇಳುತ್ತಿದ್ದುದನ್ನು ಇನ್ನು ಮೇಲೆ ಮನುಷ್ಯನೇ ಬಾಯಿಬಿಟ್ಟು ಹೇಳಬೇಕಾಗಿದೆ. ಭತ್ತದ ನಾಟಿಯ ದಿನಗಳಲ್ಲಿ ಮುಂಡಗೋಡದ ಸುತ್ತಿನ ಹಳ್ಳಿಗಳ ಹೆಂಗಸರು ಇದನ್ನು ಯಾವ ಕಾನೂನನ್ನೂ ಓದದೆ ಮಾಡುತ್ತಾರೆ. ಈ ವರ್ಷದ ದಿನದ ಪಗಾರ ಎಷ್ಟೆಂದು ಗುಂಪಿನ ಎಲ್ಲರಿಗೂ ಗೊತ್ತಿರುತ್ತದೆ. ಆಚೆ ಊರಿನಲ್ಲಿ ಹತ್ತು ರೂಪಾಯಿ ಹೆಚ್ಚಾದರೆ ಆ ಸುದ್ದಿ ಸಂಜೆಯೊಳಗೆ ಈ ಗದ್ದೆಗೆ ಬರುತ್ತದೆ. ಮರುದಿನ ಕೆಸರಿಗೆ ಇಳಿಯುವ ಮೊದಲು ಅವರು ಬದುವಿನ ಮೇಲೆ ನಿಂತು ಗದ್ದೆಯ ಯಜಮಾನನೊಡನೆ ಮಾತಾಡಿಯೇ ಇಳಿಯುತ್ತಾರೆ.